ಸೊರಬದ ಚಹಾ ಹೋಟೆಲಿನಲ್ಲಿ ಕೇಳಿದ ಮಾತು

ಶುಂಠಿ ಜಜ್ಜಿ ಹಾಕಿದ ಚಹಾದ ವಾಸನೆ ಬಂದರೆ ನನಗೆ ಇಂದಿಗೂ ಸೊರಬದ ಬಸ್ ನಿಲ್ದಾಣವೇ ನೆನಪಾಗುತ್ತದೆ. ಇವತ್ತು ಬೆಳಿಗ್ಗೆ ಪಕ್ಕದ ಮನೆಯಿಂದ ಆ ವಾಸನೆ ಬಂತು. ಪುರುಸೊತ್ತಿದ್ದರೆ ನೀವೂ ಕೇಳಿ.

ತೊಂಬತ್ತರ ದಶಕದ ಮಾತು. ಶಿಕಾರಿಪುರದ ನಮ್ಮ ಮನೆಯಲ್ಲಿ ಏಳುವುದಕ್ಕೆ, ಉಣ್ಣುವುದಕ್ಕೆ, ಮಲಗುವುದಕ್ಕೆ ಎಲ್ಲಕ್ಕೂ ಹೊತ್ತು ನಿಗದಿಯಾಗಿತ್ತು. ನಿಗದಿ ಮಾಡಿದವನು ನಾನೇ. ಒಬ್ಬಳೇ ಮಗಳು ಸುಧಾ ನಗುವ ಮೊದಲು ಒಮ್ಮೆ ನನ್ನ ಮುಖ ನೋಡುತ್ತಿದ್ದಳು. ಅದು ಶಿಸ್ತು ಎಂದೇ ನಾನು ಹೆಮ್ಮೆಪಡುತ್ತಿದ್ದೆ.

ಅವಳಿಗೆ ಗುಡವಿ ಕಡೆಯ ಒಂದು ಸಂಬಂಧ ಬಂತು. ಗಂಡಿನ ಮನೆ ನೋಡಲು ಹೊರಟವರು ನಮ್ಮಲ್ಲಿ ನೇರವಾಗಿ ಆ ಮನೆಗೆ ಹೋಗುವುದಿಲ್ಲ. ಹತ್ತಿರದ ನಿಲ್ದಾಣದಲ್ಲಿ ಇಳಿದು, ಚಹಾದ ನೆಪದಲ್ಲಿ ನಾಲ್ಕು ಮಾತು ವಿಚಾರಿಸುತ್ತಾರೆ. ಅಲ್ಲಿ ಬಿದ್ದ ಒಂದೇ ಮಾತಿಗೆ ಎಷ್ಟೋ ಜನ ಅಲ್ಲಿಂದಲೇ ವಾಪಸ್ ಬಸ್ ಹತ್ತಿದ್ದಾರೆ. ನಾನೂ ನನ್ನ ಹೆಂಡತಿಯೂ ಸೊರಬದಲ್ಲಿ ಹಾಗೇ ಇಳಿದು, ಹೋಟೆಲಿನವನ ಹತ್ತಿರ ಆ ಮನೆಯ ಸುದ್ದಿ ತೆಗೆದೆವು.

"ಆ ಮನೇಗಾ?" ಅವನು ಲೋಟ ತೊಳೆಯುತ್ತಲೇ ಹೇಳಿದ. "ಜನ ಒಳ್ಳೇರು ಮಾರಾಯ್ರೆ. ಆದ್ರೆ ಊಟಕ್ಕೊಂದು ಹೊತ್ತು ಅಂತಿಲ್ಲ. ಯಾವಾಗ ಹೋದ್ರೂ ಎಲೆ ಹಾಕಿ ಕೂರಿಸ್ತಾರೆ. ಅವರು ನಗಾಡೋದು ಕೇಳಿದ್ರೆ ದಿನಾ ಮದ್ವೆ ಮನೆ ಅನ್ಬೇಕು."

ನನಗೆ ಅಷ್ಟು ಸಾಕಾಯಿತು. ಚೀಲ ಎತ್ತಿಕೊಂಡೆ. "ನಡಿ, ಊರಿಗೆ ವಾಪಸ್ ಹೋಗೋಕೆ ಶಿರಾಳಕೊಪ್ಪದ ಬಸ್ ನಿಂತದೆ. ಹೊತ್ತುಗೊತ್ತಿಲ್ಲದ ಮನೆ ನಮಗ್ಯಾಕೆ?"

ಹೆಂಡತಿ ಏಳಲಿಲ್ಲ. "ಬಂದೋರಿಗೆ ಯಾವಾಗಂದ್ರೆ ಆವಾಗ ಅನ್ನ ಹಾಕೋ ಮನೆ ರೀ ಅದು. ನಮ್ಮ ಹುಡುಗಿ ಅಲ್ಲಾದ್ರೂ ಬಾಯ್ತುಂಬ ನಗ್ಲಿ. ನೀವು ಬೇಕಾದ್ರೆ ಬಸ್ ಹತ್ರಿ, ನಾ ನೋಡ್ಕೊಂಡು ಬರ್ತೀನಿ."

ಇಷ್ಟು ವರ್ಷದಲ್ಲಿ ಅವಳು ನನಗೆ ಹಾಗೆ ಹೇಳಿದ್ದು ಅದೇ ಮೊದಲು. ನಾನು ನಿಂತೇ ಇದ್ದೆ.

"ಯಜಮಾನ್ರೆ, ಚಾ ಆರ್ತದೆ," ಎಂದ ಹೋಟೆಲಿನವನು. "ಕುಡ್ದು ಸುಮ್ನೆ ಅಮ್ಮೋರ ಹಿಂದೆ ಹೋಗಿ."

ಹೋದೆ. ಸಂಬಂಧ ಕುದುರಿತು. ಅವನಾಡಿದ ಒಂದೇ ಮಾತನ್ನು ನಾವಿಬ್ಬರು ಎರಡು ಬಗೆಯಲ್ಲಿ ಕೇಳಿದ್ದೆವು, ಸದ್ಯ. ನಾನೊಬ್ಬನೇ ಹೋಗಿದ್ದರೆ ಮಗಳ ನೆಮ್ಮದಿ ಅದೇ ಬಸ್ಸಿನಲ್ಲಿ ವಾಪಸ್ ಬಂದುಬಿಡುತ್ತಿತ್ತು.

ಇದನ್ನು ಬರೆಯುತ್ತಿರುವಾಗಲೇ ಸುಧಾ ಫೋನ್ ಮಾಡಿದಳು. ನಾಳೆ ಅವಳ ಮನೆಗೆ ಹೊರಟಿದ್ದೇವೆ.

"ಎಷ್ಟೊತ್ತಿಗೆ ಬರ್ತೀರಿ ಅಪ್ಪಾಜಿ?"

"ಗೊತ್ತಿಲ್ಲಮ್ಮ. ಸಿಕ್ಕಿದ ಬಸ್ಸಿಗೆ ಬರ್ತೀವಿ."

ಅವಳು ತಕ್ಷಣ ಅಮ್ಮನಿಗೆ ಫೋನ್ ಕೊಡಿ ಅಂದಳು, ಅಪ್ಪ ಹುಷಾರಾಗಿದ್ದಾರಾ ಅಂತ ಕೇಳುವುದಕ್ಕೆ.