ನೀನು ಮದ್ದು ಹಾಕಿದ್ದು ಒಂದೇ ಸಲ

ಹನಮಂತಾ, ಆ ದಿನ ನೀನು ಬಂದೂಕಿಗೆ ಮದ್ದನ್ನು ಎರಡು ಸಲ ಹಾಕಿರಲಿಲ್ಲ. ಒಂದೇ ಸಲ ಹಾಕಿದ್ದೆ. ನಾನು ನಿನ್ನ ಪಕ್ಕದಲ್ಲೇ ಕೂತು ನೋಡಿದ್ದೆ. ನಳಿಗೆ ಸಿಡಿದದ್ದು ನನ್ನಿಂದ — ನಾನು ಎರಕ ಹೊಯ್ದ ಗುಂಡಿನಿಂದ, ನಾನು ಆಡಿದ ಒಂದು ಮಾತಿನಿಂದ. ಒಂಬತ್ತು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ನಿನ್ನ ಮನೆಯ ಚಹಾ ಕುಡಿದಿದ್ದೇನೆ.

ನಿನಗೆ ಗೊತ್ತಿರುವುದನ್ನೂ ಇಲ್ಲಿ ಬಿಡಿಸಿ ಬರೆಯುತ್ತೇನೆ. ಏಕೆಂದರೆ ನಿನಗೀಗ ನಿನ್ನ ನೆನಪಿನ ಮೇಲೆ ನಂಬಿಕೆ ಇಲ್ಲ — ಆ ನಂಬಿಕೆ ಕಳೆದವನು ನಾನು.

ಹುಬ್ಬಳ್ಳಿ, ಧಾರವಾಡ ಇನ್ನೂ ಒಂದೇ ಪಾಲಿಕೆ ಆಗಿರದ ದಿನಗಳು. ಹುಬ್ಬಳ್ಳಿಯ ಆ ಮುದ್ರಣಾಲಯದಲ್ಲಿ ನಾವಿಬ್ಬರೂ ಅಚ್ಚಿನ ಮೊಳೆ ಜೋಡಿಸುವವರು. ಎಡಗೈಯಲ್ಲಿ ಮೊಳೆ ಸಾಲಾಗಿ ಕೂರಿಸುವ ಸ್ಟಿಕ್ಕು, ಬಲಗೈಯಿಂದ ಒಂದೊಂದೇ ಅಕ್ಷರ ಹೆಕ್ಕಿ ಇಡುವುದು, ಎಡಗೈಯ ಹೆಬ್ಬೆರಳಿನಿಂದ ಸಾಲು ಬೀಳದಂತೆ ಒತ್ತಿ ಹಿಡಿಯುವುದು. ನಿನ್ನಷ್ಟು ಚುರುಕು ಯಾರೂ ಇರಲಿಲ್ಲ. ನನಗೆ ಹೊಟ್ಟೆಕಿಚ್ಚಿತ್ತೇ? ಇತ್ತು. ಅದನ್ನೂ ಬರೆದುಬಿಡುತ್ತೇನೆ.

ಭಾನುವಾರ ಬಂತೆಂದರೆ ಕಲಘಟಗಿ ಬಸ್ಸು. ಅಲ್ಲಿ ಅಡವಿಯ ಅಂಚಿಗೆ ನಿನ್ನ ಸೋದರಮಾವನ ಹೊಲ. ಪೀಕು ಕಾಯಲೆಂದು ಅವರಿಗೆ ಲೈಸೆನ್ಸು ಇತ್ತು, ಬಾಯಿಂದ ತುಂಬುವ ಹಳೆಯ ಕೇಪಿನ ಬಂದೂಕು ಇತ್ತು. ಗೂಡಿನಲ್ಲಿ ಗುಂಡು ಎರಕ ಹೊಯ್ಯುವ ಎರಡು ಅಚ್ಚುಗಳಿದ್ದವು. ಒಂದು ರತ್ತಲು ಸೀಸಕ್ಕೆ ಹದಿನಾರು ಗುಂಡು ಬಿದ್ದರೆ ಅದು ಹದಿನಾರರ ಅಚ್ಚು. ಇಪ್ಪತ್ತು ಬಿದ್ದರೆ ಇಪ್ಪತ್ತರದು, ಅದರ ಗುಂಡು ಸಣ್ಣದು. ಈ ಎರಡರಲ್ಲಿ, ಪೀಕು ಮೇಯಲು ಬರುವ ಚಿಗರಿಗೆ ಯಾವುದು ಸರಿ ಎಂದು ನಾವು ಜಗಳಾಡದ ವಾರವೇ ಇರಲಿಲ್ಲ.

ನೀನು ಸಣ್ಣ ಗುಂಡಿನವನು. ಎಣ್ಣೆ ಸವರಿದ ದಪ್ಪ ಖಾದಿ ಬಟ್ಟೆ ಸುತ್ತಿದರೆ ಅದು ಸಲೀಸಾಗಿ ಜಾರಿ ಮದ್ದಿನ ಮೇಲೆ ಕೂರುತ್ತದೆ. ಒಂದು ಸಲ ಹಾರಿಸಿದ ಮೇಲೆ ನಳಿಗೆಯೊಳಗೆ ಮಸಿ ಕಟ್ಟುತ್ತದೆ, ಆಗ ದೊಡ್ಡ ಗುಂಡು ನಡುವೆ ಸಿಕ್ಕಿಕೊಳ್ಳುತ್ತದೆ ಎನ್ನುತ್ತಿದ್ದೆ. ನಾನು ದೊಡ್ಡ ಗುಂಡಿನವನು. ಬಿಗಿಯಾಗಿ ಕೂತ ದೊಡ್ಡ ಗುಂಡು ನೆಟ್ಟಗೆ ಹೋಗುತ್ತದೆ, ಚಿಗರಿ ನಿಂತಲ್ಲೇ ಬೀಳುತ್ತದೆ, ನರಳುವುದಿಲ್ಲ ಎನ್ನುತ್ತಿದ್ದೆ.

"ಚಿಗರಿ ಹೊಡ್ಯಾಕ ಹೊಂಟೀಯೋ, ಆನಿ ಹೊಡ್ಯಾಕ ಹೊಂಟೀಯೋ?" ಎಂದು ನೀನು ನಗುತ್ತಿದ್ದೆ.

"ನಿನ್ನ ಕಡ್ಲಿಕಾಳಿಗೆ ಚಿಗರಿ ಸಾಯಂಗಿಲ್ಲಲೇ, ನಗತೈತಿ," ಎನ್ನುತ್ತಿದ್ದೆ ನಾನು. ನಿನ್ನ ಸಣ್ಣ ಗುಂಡು ತಿಂದ ಚಿಗರಿಯೊಂದು ರಕ್ತ ಸುರಿಸುತ್ತ ಓಡಿಹೋಗಿ, ಮರುದಿನ ಪೊದೆಯಲ್ಲಿ ಸತ್ತು ಸಿಕ್ಕಿತ್ತಲ್ಲ — ಅದನ್ನು ಹಿಡಿದು ನಿನ್ನನ್ನು ಇಡೀ ವರ್ಷ ಚುಚ್ಚಿದೆ. ಕಡೆಗೆ ನೀನೇ ಬೇಸತ್ತು, "ಆತು ಮಾರಾಯಾ, ಈ ಐತವಾರ ನಿನ್ನ ಗುಂಡ ಹಾಕೋಣು," ಅಂದೆ.

ನಾನು ಗೆದ್ದಿದ್ದೆ! ಹದಿನಾರರ ಅಚ್ಚನ್ನು ಮನೆಗೆ ತಂದಿದ್ದೆ. ಶನಿವಾರ ಕೂತು ನೋಡಿದರೆ ಮನೆಯಲ್ಲಿ ಸೀಸವೇ ಇಲ್ಲ. ಆಗ ಮುದ್ರಣಾಲಯದ ಸವೆದ ಮೊಳೆಗಳ ಡಬ್ಬಿಯಿಂದ ಎರಡು ಹಿಡಿ ಮೊಳೆ ಚೀಲಕ್ಕೆ ಹಾಕಿಕೊಂಡು ಬಂದು ಕರಗಿಸಿದೆ. ಸೀಸ ಆರುವಾಗ ಕುಗ್ಗುತ್ತದೆ. ಮೊಳೆಯದು ಬೆರಕೆ ಸೀಸ, ಅದು ಅಷ್ಟು ಕುಗ್ಗುವುದಿಲ್ಲ, ಕುಗ್ಗಿದ್ದರೆ ಅಕ್ಷರದ ಅಂಚು ಉಳಿಯುತ್ತಲೇ ಇರಲಿಲ್ಲ. ಅಂದರೆ ಅದೇ ಅಚ್ಚಿನಲ್ಲಿ ಗುಂಡು ಕೂದಲೆಳೆಯಷ್ಟು ದಪ್ಪ, ಮತ್ತು ಕಲ್ಲಿನಂತೆ ಗಟ್ಟಿ. ಹನ್ನೊಂದು ವರ್ಷ ಮೊಳೆ ಹಿಡಿದವನಿಗೆ ಇದು ಗೊತ್ತಿರಲಿಲ್ಲ ಎಂದರೆ ಯಾರು ನಂಬುತ್ತಾರೆ? ಗೊತ್ತಿತ್ತು.

ಪ್ರತಿ ಗುಂಡಿಗೂ ಉಗುರು ಊರಿ ನೋಡುವುದು ನಿನ್ನ ಪದ್ಧತಿ. ಗೆರೆ ಬಿದ್ದರೆ ಮೆತ್ತನೆಯ ಸೀಸ, ಬೀಳದಿದ್ದರೆ ಬೆರಕೆ. ಅಂದು ಬಸ್ಸಿನಲ್ಲಿ ನೀನು ನನ್ನ ಚೀಲಕ್ಕೆ ಕೈ ಹಾಕಿದೆ. "ಶುದ್ಧ ಸೀಸಲೇ, ಅದರಾಗೇನ ನೋಡ್ತಿ," ಅಂದೆ ನಾನು. ನೀನು ಕೈ ತೆಗೆದೆ. ಗೆಳೆಯನ ಮಾತು ಸಾಕಾಗಿತ್ತು ನಿನಗೆ.

ಬೆಳಗಿನ ಮಂಜು ಇನ್ನೂ ಹರಿದಿರಲಿಲ್ಲ. ಬದುವಿನ ಹಿಂದೆ ಕೂತಿದ್ದೆವು. ಮೊದಲ ಗುಂಡು ತಪ್ಪಿತು, ಚಿಗರಿಗಳು ಓಡಿದವು; ಸ್ವಲ್ಪ ಹೊತ್ತಿಗೆ ಒಂದು ಗಂಡು ಮಾತ್ರ ತಿರುಗಿ ಬಂದು ಹೊಲದ ಅಂಚಿಗೆ ನಿಂತಿತು. ನೀನು ಕೋಡಿನ ಅಳತೆಬಟ್ಟಲಿನಿಂದ ಮದ್ದು ಹಾಕಿದೆ — ಒಂದೇ ಸಲ, ಹನಮಂತಾ — ಮತ್ತೆ ಚಿಗರಿಯ ಮೇಲಿಟ್ಟ ಕಣ್ಣು ತೆಗೆಯಲಿಲ್ಲ. ಗುಂಡನ್ನು ಗಜದ ಸಲಾಕೆಯಿಂದ ಜಡಿದವನು ನಾನು. ಆ ಗಜಕ್ಕೆ ನಿನ್ನ ಮಾವ ಕಾನಸಿನಿಂದ ಗೆರೆ ಕೊರೆದಿದ್ದರು: ಗುಂಡು ಮದ್ದಿನ ಮೇಲೆ ಕೂತಿದ್ದರೆ ಗೆರೆ ನಳಿಗೆಯ ಬಾಯಿಗೆ ಸಮ ಬರಬೇಕು. ಬರಲಿಲ್ಲ. ನಾಲ್ಕು ಬೆರಳು ಮೇಲೆಯೇ ನಿಂತಿತು. ಮೈಭಾರ ಬಿಟ್ಟು ಒತ್ತಿದೆ — ಅಲುಗಲಿಲ್ಲ. ಹಾಗೆ ನಡುವೆ ಸಿಕ್ಕ ಗುಂಡಿನ ಮೇಲೆ ಬಂದೂಕಿನ ಕುದುರೆ ಎಳೆದರೆ ನಳಿಗೆ ಒಡೆಯುತ್ತದೆ ಎಂದು ನಿನ್ನ ಮಾವ ನಮಗೆ ಹತ್ತು ಸಲ ಹೇಳಿದ್ದರು.

"ಬಿಗಿ ಆತೇನಲೇ?" ಎಂದು ನೀನು ಪಿಸುಗುಟ್ಟಿದೆ.

ಹೌದು ಅನ್ನಬೇಕಿತ್ತು. ಅಂದಿದ್ದರೆ ನೀನು ಚೀಲದ ಇನ್ನೊಂದು ಗುಂಡು ಕೈಗೆ ತೆಗೆದುಕೊಳ್ಳುತ್ತಿದ್ದೆ, ಉಗುರು ಊರುತ್ತಿದ್ದೆ, ನಗುತ್ತಿದ್ದೆ. ಅಷ್ಟೇ ಆಗುತ್ತಿದ್ದದ್ದು — ನೀನು ನಗುತ್ತಿದ್ದೆ. ಅದನ್ನು ತಾಳಲಾರದೆ ನಾನು ಗಜ ಹೊರಗೆಳೆದು ಹೇಳಿದೆ:

"ಕುಂತೈತಿ. ಹೊಡಿ."

ನಳಿಗೆ ಸಿಡಿಯಿತು. ನಿನ್ನ ಎಡಗೈಯ ಹೆಬ್ಬೆರಳು, ಅದರ ಪಕ್ಕದ ಎರಡು — ಚಕ್ಕಡಿಯಲ್ಲಿ ನಿನ್ನ ತಲೆ ನನ್ನ ತೊಡೆಯ ಮೇಲಿತ್ತು, ನನ್ನ ಧೋತರವೆಲ್ಲ ನಿನ್ನ ರಕ್ತ. ಆಸ್ಪತ್ರೆಯಲ್ಲಿ ನಾಲ್ಕನೆಯ ದಿನ ನಿನಗೆ ಮಾತು ಬಂತು. ಆಗ ನೀನು ಕೇಳಿದೆ:

"ನಾ ಮದ್ದು ಎರಡ ಸಲ ಹಾಕಿದ್ನೇನಲೇ?"

ನಾನು ನೆಲ ನೋಡುತ್ತ ಅಂದೆ, "ಇರಬೇಕು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನನ್ನ ಆ ಒಂದು ಮಾತು ಎಲ್ಲಿಯೂ ಹೋಗಲಿಲ್ಲ, ನಿನ್ನ ತಲೆಯಲ್ಲೇ ಮನೆ ಮಾಡಿತು. ಬೆರಳು ಹೋದ ಮೇಲೂ ಮಾಲೀಕರು ನಿನ್ನನ್ನು ಬಿಡಲಿಲ್ಲ. ಕರಡು ತಿದ್ದುವ ಕುರ್ಚಿಗೆ ಕರೆದರು, ಅದಕ್ಕೆ ಒಂದು ಕೈ ಸಾಕಿತ್ತು. ನೀನು ಒಲ್ಲೆ ಅಂದೆ. "ಮದ್ದು ಹಾಕಿದ್ದಽ ನೆನಪಿಲ್ಲದಾಂವ ನಾ, ತಪ್ಪು ಹೆಂಗ ಹಿಡೀಲ್ರೀ?" ಎಂದು ಕೈ ಮುಗಿಯಲು ಹೋದೆ, ಆ ಕೈಯಲ್ಲಿ. ಮರುವಾರ ಆ ಕುರ್ಚಿಯ ಮೇಲೆ ನಾನು ಕೂತೆ. ಇಂದಿಗೂ ಕೂತಿದ್ದೇನೆ. ನೀನು ಅಮರಗೋಳದಲ್ಲಿ ಒಂದು ಗೋದಾಮಿನ ಬಾಗಿಲು ಕಾಯುತ್ತೀಯ. ಹಾಕಿದ ಬೀಗವನ್ನು ನಾಲ್ಕು ಸಲ ಎಳೆದು ನೋಡುತ್ತೀಯ ಎಂದು ಹಮಾಲರು ನಗುತ್ತಾರೆ. ಅವರ ಜೊತೆ ಒಮ್ಮೆ ನಾನೂ ನಕ್ಕೆ. ಥೂ ನನ್ನ ಜನ್ಮಕ್ಕೆ!

ಹೇಗೋ ಇದನ್ನೂ ನುಂಗಿಕೊಂಡು ಇರುತ್ತಿದ್ದೆನೇನೋ. ಆದರೆ ಹೋದ ವಾರ ನಿನ್ನ ಹೆಂಡತಿ ಗಂಗವ್ವ ನಮ್ಮ ಮನೆ ಬಾಗಿಲಲ್ಲಿ ನಿಂತು ಹೇಳಿದಳು: "ಸಣ್ಣಾಕಿಗೆ ಮೈ ಸುಡಾಕತ್ತಿತ್ರಿ ಅಣ್ಣಾ. ಔಷಧಾ ಕುಡಸ್ರಿ ಅಂತ ಹೇಳಿ ನೀರಿಗೆ ಹೋಗಿದ್ದೆ. ಬಂದು ನೋಡ್ತೇನಿ, ಬಾಟಲಿ ಹಿಡಕೊಂಡು ಅಳಾಕತ್ತಾರ. ಕೊಟ್ಟೆನೋ ಇಲ್ಲೋ, ಎರಡ ಸಲ ಆದ್ರ ಕೂಸು ಸತ್ತೀತು ಅಂತಾರ್ರಿ."

ಕೂಸು ಚೆನ್ನಾಗಿದೆ, ಆಡುತ್ತಿದೆ. ನಾನು ಮಾತ್ರ ಅಂದಿನಿಂದ ಉಂಡಿಲ್ಲ, ಮಲಗಿಲ್ಲ. ಬೆರಳುಗಳನ್ನು ನಾನು ತಿರುಗಿ ಕೊಡಲಾರೆ. ಆ ಕುರ್ಚಿಯನ್ನು ಈಗ ಬಿಟ್ಟರೂ ನಿನಗೆ ಯಾರು ಕೊಡುತ್ತಾರೆ? ಒಂಬತ್ತು ವರ್ಷದ ಹೆದರಿಕೆಯನ್ನು ಒಂದು ಕಾಗದ ಓದಿ ಬಿಡಿಸಬಹುದೇ — ನನಗೆ ಗೊತ್ತಿಲ್ಲ. ನೀನು ನನ್ನನ್ನು ನಂಬುವೆ ಎಂಬ ಧೈರ್ಯವೂ ಇಲ್ಲ. ನಂಬಿಯೇ ನೀನು ಕೆಟ್ಟವನು.

ಆ ದಿನದ ಒಂದು ಗುಂಡು ನನ್ನ ಟ್ರಂಕಿನಲ್ಲಿ ಉಳಿದಿದೆ. ನಾಳೆ ಮುಂಜಾನೆ ಅದನ್ನು ತರುತ್ತೇನೆ. ಗಂಗವ್ವನ ಮುಂದೆಯೇ ಈ ಕಾಗದ ಓದುತ್ತೇನೆ. ಆಮೇಲೆ ನನ್ನ ಮಾತು ಕೇಳಬೇಡ, ಉಗುರು ಊರಿ ನೋಡು, ಗೆರೆ ಬೀಳುವುದಿಲ್ಲ. ಮೊದಲು ನೀನು ಎಡಗೈಯ ಹೆಬ್ಬೆರಳಿನಲ್ಲಿ ಗುಂಡು ಒತ್ತಿ ಹಿಡಿದು ಬಲಗೈಯ ಉಗುರು ಊರುತ್ತಿದ್ದೆ. ಈಗ ಹಾಗೆ ಹಿಡಿಯಲು ನಿನಗೆ ಆಗುವುದಿಲ್ಲ. ಗುಂಡನ್ನು ನಾನು ಹಿಡಿದುಕೊಂಡಿರುತ್ತೇನೆ.