ಕೆರೆಯ ಗ್ಯಾಸಿನ ಶಿವಲಿಂಗಪ್ಪ ಮೇಷ್ಟ್ರು

ಶಿವಲಿಂಗಪ್ಪ ಮೇಷ್ಟ್ರು ಬೆಳಗಿನ ಪ್ರಾರ್ಥನೆಗೆ ಬರುವಾಗ ಪಂಚೆ ಮೊಣಕಾಲಿನವರೆಗೂ ಒದ್ದೆಯಾಗಿರುತ್ತಿತ್ತು. ಕೆರೆಗಿಳಿದು, ಬೋರಲು ಹಿಡಿದ ಸೀಸೆಯೊಳಗೆ ತಳದಿಂದೇಳುವ ಗುಳ್ಳೆ ತುಂಬಿಕೊಂಡೇ ಅವರು ಶಾಲೆಗೆ ಬರುತ್ತಿದ್ದುದು. ಐವತ್ತರ ದಶಕದಲ್ಲಿ ಕಟ್ಟೆಮಳಲವಾಡಿಯ ಶಾಲೆಯಲ್ಲಿ ಅವರು ವಿಜ್ಞಾನ ಹೇಳುತ್ತಿದ್ದರು, ನಾನು ಕನ್ನಡ.

ಒಂದು ದಿನ ನನ್ನೆದುರಿಗೇ ಸೀಸೆಯ ಬಾಯಿಗೆ ಕಡ್ಡಿ ಗೀರಿ ಹಿಡಿದರು. ನೀಲಿ ಜ್ವಾಲೆ ಬುಸ್ಸೆಂದು ಎದ್ದು ಆರಿತು.

"ನೋಡಿದ್ರಾ? ತಳದಾಗೆ ಜೊಂಡು ಕೊಳ್ತು ಗ್ಯಾಸ್ ಆಗೈತೆ. ಇದ್ರಲ್ಲಿ ಕೆಂಪಮ್ಮನ ಒಲೆ ಉರಿಸ್ಬೋದು ಕಣ್ರೀ!"

ಕೆಂಪಮ್ಮನ ಮನೆ ಕೆರೆಯ ದಂಡೆಯಲ್ಲೇ ಇತ್ತು. ಹಸಿ ಸೌದೆ ಊದಿ ಊದಿ ಆಕೆಯ ಕಣ್ಣು ಸದಾ ಕೆಂಪಗಿರುತ್ತಿದ್ದವು.

ಎರಡು ತಿಂಗಳು ನಾವಿಬ್ಬರೂ ದುಡಿದೆವು. ಕೆರೆಯ ನಡುವೆ ತೆಪ್ಪ ಕಟ್ಟಿ, ಅದಕ್ಕೆ ಬೋರಲು ಡ್ರಮ್ಮು ಬಿಗಿದು, ಅಲ್ಲಿಂದ ಆಕೆಯ ಅಡುಗೆಮನೆಗೆ ರಬ್ಬರ್ ಕೊಳವೆ ಎಳೆದೆವು. ಒಲೆ ಹತ್ತಿದಾಗ ಕೆಂಪಮ್ಮ ಮುಖವನ್ನು ಹತ್ತಿರಕ್ಕೆ ತಂದು, "ಹೊಗೆನೇ ಇಲ್ವಲ್ಲಾ ಸ್ವಾಮಿ!" ಎಂದು ನಕ್ಕಳು. ಕಾಫಿ ಕುದಿಯಿತು. ಅನ್ನಕ್ಕೆ ಎಸರಿಡುವಷ್ಟರಲ್ಲಿ ಉರಿ ಆರಿತು. ಡ್ರಮ್ಮು ಮತ್ತೆ ತುಂಬಲು ಐದು ದಿನ ಬೇಕಾಯಿತು.

ಮೇಷ್ಟ್ರಿಗೆ ಅಷ್ಟು ತಾಳ್ಮೆಯಿರಲಿಲ್ಲ. ಬಿದಿರಿನ ಗಳ ಹಿಡಿದು ತಳದ ಕೆಸರನ್ನು ಮಧ್ಯಾಹ್ನವೆಲ್ಲ ಕಲಕಿದರು. ಡ್ರಮ್ಮೇನೋ ತುಂಬಿತು. ಮರುದಿನ ಕೆರೆ ಕಪ್ಪಾಗಿ ನಾರುತ್ತಿತ್ತು, ಮೀನು ಸತ್ತು ತೇಲುತ್ತಿದ್ದವು. ಹೆಂಗಸರು ಖಾಲಿ ಬಿಂದಿಗೆ ಹೊತ್ತು ಶಾಲೆಯ ಮುಂದೆ ಬಂದು ನಿಂತರು. ಎಲ್ಲರಿಗಿಂತ ಮುಂದೆ ಕೆಂಪಮ್ಮ.

"ನನ್ ಒಲೆ ಉರೀಲಿ ಅಂತ ಊರ್ ನೀರು ಕೆಡಿಸ್ಬುಟ್ರಲ್ಲ. ನಂಗ್ ಬ್ಯಾಡ ಈ ಉರಿ."

ಮೇಷ್ಟ್ರು ಹೊರಗೆ ಬಂದು ಕೈಮುಗಿದರು. "ತಪ್ಪಾಯ್ತು ಕಣ್ರವ್ವ. ನಾನು ಗುಳ್ಳೆ ನೋಡ್ದೆ, ಬಿಂದಿಗೆ ನೋಡ್ಲಿಲ್ಲ."

ಅಂದೇ ತೆಪ್ಪ ಬಿಚ್ಚಿದರು. ನೀರು ತಿಳಿಯಾಗುವವರೆಗೂ ದೂರದ ಬಾವಿಯಿಂದ ಗಾಡಿಯಲ್ಲಿ ನೀರು ತಂದು ಮನೆಮನೆಗೆ ಹಾಕಿದರು. ಡ್ರಮ್ಮಿನ ತಗಡು ಕತ್ತರಿಸಿ ಕೆಂಪಮ್ಮನ ಒಲೆಗೆ ಹೊಗೆಗೂಡು ಮಾಡಿಕೊಟ್ಟರು. ಸೊಟ್ಟಗಿತ್ತು, ಆದರೆ ಹೊಗೆ ಹೊರಗೆ ಹೋಗುತ್ತಿತ್ತು.

ಮರುವರ್ಷ ಅವರಿಗೆ ಎನ್. ಬೇಗೂರಿಗೆ ವರ್ಗವಾಯಿತು. ಹುಣಸೂರಿನಲ್ಲಿ ಬಸ್ಸು ಹತ್ತಿಸುವಾಗ, "ಅಲ್ಲೂ ಕೆರೆ ಇದ್ದೀತು" ಎಂದು ರೇಗಿಸಿದೆ. ಅವರು ನಗಲಿಲ್ಲ.

"ಇರ್ತದೆ ಬುಡಿ. ಈ ಸಲ ನೀರು ತುಂಬೋ ಹೆಂಗಸ್ರನ್ನ ಮೊದ್ಲು ಕೇಳ್ತೀನಿ."

ಎರಡು ವರ್ಷದ ಮೇಲೆ, ಜ್ವರ ಬಂದು ತೀರಿಕೊಂಡರೆಂಬ ಸುದ್ದಿ ಬಂತು. ಅವರು ಅಲ್ಲಿ ಯಾರನ್ನಾದರೂ ಕೇಳಿದರೋ, ಆ ಹೆಂಗಸರು ಏನೆಂದರೋ, ನನಗೆ ತಿಳಿಯಲೇ ಇಲ್ಲ.