ಅಲ್ಲಿ ಯಾರ್ ಯಾರ್ ಅದಾರ?

ರಾತ್ರಿಯಿಡೀ ಸುದ್ದಿಗಾಗಿ ಕಿವಿಗೊತ್ತಿಕೊಂಡ ಟ್ರಾನ್ಸಿಸ್ಟರ್ ರೇಡಿಯೋದ ಚರ್ಮದ ಕವರಿನ ಹೊಲಿಗೆ ಅವರ ಎಡಗೆನ್ನೆಯ ಮೇಲೆ ಒತ್ತಿ ಮೂಡಿಸಿದ ಗೆರೆ, ನಾವು ಬಸ್ಸು ಹತ್ತುವ ಹೊತ್ತಿಗೂ ಮಾಸಿರುತ್ತಿರಲಿಲ್ಲ. ಗಂಗಾನಗರದ ಬಸ್ ಸ್ಟಾಪಿನಲ್ಲಿ ಆ ಗೆರೆ ನೋಡಿಯೇ ನನಗೆ ತಿಳಿಯುತ್ತಿತ್ತು, ಎಲ್ಲೋ ಏನೋ ಅನಾಹುತವಾಗಿದೆ ಎಂದು. ಅವರು ನಮ್ಮ ಕಾಲೇಜಿನ ರಾಜ್ಯಶಾಸ್ತ್ರದ ಮೇಷ್ಟ್ರು, ಧಾರವಾಡದ ಕಡೆಯವರು. ನಾನು ಅಲ್ಲೇ ಕನ್ನಡ ಹೇಳಿಕೊಡುತ್ತಿದ್ದೆ. ಒಂದೇ ಬೀದಿ, ಒಂದೇ ಬಸ್ಸು. ಯಶವಂತಪುರ ಮುಟ್ಟುವಷ್ಟರಲ್ಲಿ ಅಮೆರಿಕದ ವಿದೇಶಾಂಗ ನೀತಿ ಬೇಡವೆಂದರೂ ನನ್ನ ಕಿವಿಗೆ ಬೀಳುತ್ತಿತ್ತು.

ಎಂಬತ್ತರ ಆಸುಪಾಸಿನ ಆ ಕಾಲವೂ ಅಂಥದ್ದೇ. ಟೆಹರಾನಿನಲ್ಲಿ ಅಮೆರಿಕದ ರಾಯಭಾರ ಕಚೇರಿಯವರನ್ನು ಒತ್ತೆ ಇಟ್ಟುಕೊಂಡರು. ಬೇರೂತಿನಲ್ಲಿ ಲಾರಿ ತುಂಬ ಸ್ಫೋಟಕ ತಂದು ಅಮೆರಿಕದ ಸೈನಿಕರು ಮಲಗಿದ್ದ ಕಟ್ಟಡವನ್ನೇ ಕೆಡವಿದರು. ಒಂದೊಂದು ದಾಳಿಯಾದಾಗಲೂ ಅಮೆರಿಕ ತನ್ನ ಕಚೇರಿಗಳ ಗೋಡೆ ಎತ್ತರಿಸಿತು, ಗೇಟಿಗೆ ಕಾಂಕ್ರೀಟ್ ದಿಮ್ಮಿ ಇಟ್ಟಿತು, ತಿರುಗಿ ಹೊಡೆಯುವ ಮಾತನ್ನು ಇನ್ನಷ್ಟು ಜೋರಾಗಿ ಆಡಿತು. ಮೇಷ್ಟ್ರು ಪ್ರತಿ ಸಲವೂ ಪಾಠ ತಿದ್ದಿದರು.

"ಸಾಕಾಗೇದ್ರೀ ಮೇಡಂ," ಎಂದು ಬಸ್ಸಿನ ಕಂಬಿಗೆ ಜೋತುಬಿದ್ದು ಹೇಳುತ್ತಿದ್ದರು. "ಹೋದ ವರ್ಷದ ಪಾಠ ಈ ವರ್ಷಕ್ಕ ಹಳೇದು. ಹೊಡಿಯೋರೂ ದಣಿಯಂಗಿಲ್ಲ, ತಿರುಗಿ ಹೊಡಿಯೋರೂ ದಣಿಯಂಗಿಲ್ಲ. ನಾ ದಣದೀನಿ."

ಅವರ ತರಗತಿಯಲ್ಲೊಂದು ಪದ್ಧತಿಯಿತ್ತು. ಇಂಥ ಸುದ್ದಿ ಬಂದ ದಿನ ತಮ್ಮ ಕುರ್ಚಿಯಲ್ಲಿ ಒಬ್ಬ ವಿದ್ಯಾರ್ಥಿಯನ್ನು ಕೂರಿಸಿ, "ಈಗ ನೀನ ಅಮೆರಿಕಾದ ಅಧ್ಯಕ್ಷ. ಏನ್ ಮಾಡ್ತಿ?" ಎನ್ನುವರು. ಕೂತವನಿಗೆ ದಿಢೀರನೆ ಮೀಸೆ ಬಂದಂತಾಗಿ, "ಬಾಂಬ್ ಹಾಕ್ತೀನಿ ಸಾರ್!" ಎನ್ನುತ್ತಿದ್ದ. ಮೇಷ್ಟ್ರು ನಗದೆ ಕೇಳುವರು: "ಎಲ್ಲಿ? ಅಲ್ಲಿ ಯಾರ್ ಯಾರ್ ಅದಾರ?" ಹೊಡೆದರೆ ಏನು, ಸುಮ್ಮನಿದ್ದರೆ ಏನು, ಎರಡನ್ನೂ ಹಲಗೆಯ ಮೇಲೆ ಬರೆಸುವರು. ತಮ್ಮ ಅಭಿಪ್ರಾಯ ಮಾತ್ರ ಎಂದೂ ಹೇಳರು. ಮೇಷ್ಟ್ರ ಭಾರ ಮಕ್ಕಳ ತಲೆಯ ಮೇಲೆ ಬೀಳಬಾರದು ಎಂಬುದು ಅವರ ಹಟ. "ಜಾಣತನದಿಂದ ನುಣುಚಿಕೊಳ್ತೀರಿ ನೀವು," ಎಂದು ನಾನು ಚುಡಾಯಿಸುತ್ತಿದ್ದೆ.

ಒಂದು ಏಪ್ರಿಲಿನಲ್ಲಿ ಬರ್ಲಿನಿನ ಕುಣಿತದ ಕ್ಲಬ್ಬಿನಲ್ಲಿ ಬಾಂಬ್ ಸಿಡಿದು ಅಮೆರಿಕದ ಸೈನಿಕರು ಸತ್ತರು. ಇದು ಲಿಬಿಯಾದ್ದೇ ಕೆಲಸವೆಂದು ಕೆಲವೇ ದಿನಗಳಲ್ಲಿ ಅಮೆರಿಕದ ವಿಮಾನಗಳು ಅದರ ರಾಜಧಾನಿ ಟ್ರಿಪೋಲಿಯ ಮೇಲೆ ಬಾಂಬ್ ಹಾಕಿದವು. ಟ್ರಿಪೋಲಿಯಲ್ಲಿ ಮೇಷ್ಟ್ರ ಒಬ್ಬಳೇ ಮಗಳಿದ್ದಳು. ಅಳಿಯನಿಗೆ ಅಲ್ಲಿ ಕಟ್ಟಡ ಕಟ್ಟಿಸುವ ಕೆಲಸ.

ಅಂದು ಅವರ ಎರಡೂ ಕೆನ್ನೆಯ ಮೇಲೆ ಗೆರೆಗಳಿದ್ದವು. ಪ್ರಿನ್ಸಿಪಾಲರ ಕೋಣೆಯಿಂದ ಮಗಳಿಗೆ ಟ್ರಂಕ್ ಕಾಲ್ ಬುಕ್ ಮಾಡಿದ್ದಾಯಿತು, ಲೈನ್ ಸಿಗಲಿಲ್ಲ. ಮನೆಗೆ ಹೋಗಿ ಎಂದೆ.

"ಮನ್ಯಾಗ ಫೋನಿಲ್ಲರೀ. ಇಲ್ಲೇ ಕಾಯ್ತೀನಿ. ಪರೀಕ್ಷಾ ಬಂತು, ಕ್ಲಾಸ್ ಯಾಕ ಬಿಡೂದು?"

ಎಲ್ಲಿ ಕುಸಿದುಬಿಡುತ್ತಾರೋ ಎಂದು ಹೆದರಿ ನಾನೂ ಹಿಂದಿನ ಬೆಂಚಿನಲ್ಲಿ ಕೂತೆ. ಮಗಳ ವಿಷಯ ವಿದ್ಯಾರ್ಥಿಗಳಿಗೆ ಗೊತ್ತಿರಲಿಲ್ಲ. ಕುರ್ಚಿಯಲ್ಲಿದ್ದವನು, "ಸರಿಯಾಗಿ ಕೊಟ್ರು ಸಾರ್! ನಾನಾಗಿದ್ರೂ ಅದನ್ನೇ ಮಾಡ್ತಿದ್ದೆ," ಎಂದ. ಚಪ್ಪಾಳೆ ಬಿತ್ತು. ಮೇಷ್ಟ್ರು ಎಂದಿನಂತೆಯೇ ಸೀಮೆಸುಣ್ಣ ಹಿಡಿದು ಕೇಳಿದರು, "ಅಲ್ಲಿ ಯಾರ್ ಯಾರ್ ಅದಾರ?"

"ಎಲ್ಲಾ ಶತ್ರುಗಳೇ ಸಾರ್."

ಅದನ್ನೂ ಬರೆದರು. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದಳು. "ಯಾವಾಗ್ಲೂ ನಮ್ಮನ್ನೇ ಕೇಳ್ತೀರ. ಇವತ್ತಾದ್ರೂ ನಿಮ್ ಒಪೀನಿಯನ್ ಹೇಳಿ ಸಾರ್."

ಮೇಷ್ಟ್ರು ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು ಅವಳ ಕಡೆ ತಿರುಗಿದರು.

"ಇವತ್ತ ನನ್ನ ಹತ್ರ ಅಭಿಪ್ರಾಯ ಇಲ್ಲವ್ವಾ. ಬರೇ ಹೆದರಿಕಿ ಅದ. ಆ ಕುರ್ಚಿ ಮ್ಯಾಲೆ ಖರೇನ ಕೂತಾವ್ರಿಗೂ ಒಮ್ಮೊಮ್ಮೆ ಹೆದರಿಕೀನ ಇರ್ತದ. ಅದನ್ನ ಅವರು ನೀತಿ ಅಂತಾರ."

ಪಾಪ, ಹುಡುಗರು ಅದನ್ನೂ ಪರೀಕ್ಷೆಯ ಪಾಯಿಂಟ್ ಎಂದುಕೊಂಡು ಬರೆದುಕೊಂಡರು.

ಕೆಲ ದಿನಗಳ ಮೇಲೆ ತಂತಿ ಬಂತು, ಇಬ್ಬರೂ ಕ್ಷೇಮ ಎಂದು. ಮೇಷ್ಟ್ರು ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟರು. ನನಗೂ ತಡೆಯಲಾಗಲಿಲ್ಲ. ಅವರು ಕಣ್ಣೊರೆಸಿಕೊಂಡು, "ನಮ್ಮಾಕಿ ಉಳದಳ್ರೀ. ಆ ಊರಾಗಿನ ಎಲ್ಲಾರ ಮನೀಗೂ ಇಂಥಾ ಸುದ್ದಿ ಹೋಗಿರಂಗಿಲ್ಲಲ್ಲಾ," ಎಂದರು. ಮಾರನೆಯ ದಿನ ಮತ್ತೆ ಅದೇ ಬಸ್ಸು, ಅದೇ ದಣಿವು.

ಆ ದಶಕ ಮುಗಿಯುವ ಮುಂಚೆಯೇ ಅವರು ಹೃದಯಾಘಾತದಿಂದ ಹೋಗಿಬಿಟ್ಟರು. ಮಗಳು ಟ್ರಿಪೋಲಿಯಿಂದ ಹಾರಿ ಬಂದಳು. ದಿಂಬಿನ ಪಕ್ಕ ಟ್ರಾನ್ಸಿಸ್ಟರ್ ಹಾಗೇ ಇತ್ತು. ಅದರ ಕವರನ್ನು ಸವರುತ್ತ ಅವಳು ಹೇಳಿದಳು: "ಆ ಬಾಂಬಿನ ದಿನದ ಬಗ್ಗೆ ಅಪ್ಪನ್ನ ಎಷ್ಟ ಸಲ ಕೇಳೀನಿ ಅಕ್ಕಾ. 'ನಾ ಆರಾಮ ಪಾಠ ಮಾಡಿದೆ' ಅಂತ ಅಷ್ಟ ಹೇಳ್ತಿದ್ರು. ನನ್ನ ಸಲುವಾಗಿ ಹೆದರಲೇ ಇಲ್ಲೇನು ಅನಸ್ತಿತ್ತು."

"ಹೆದರಿದ್ರು ಕಣಮ್ಮ," ಎಂದೆ. "ತುಂಬಿದ ಕ್ಲಾಸಿನಲ್ಲಿ ಬಾಯಿಬಿಟ್ಟು ಹೇಳಿದ್ರು."

ಅವಳು ಟ್ರಾನ್ಸಿಸ್ಟರನ್ನೆತ್ತಿ ತನ್ನ ಕೆನ್ನೆಗೆ ಒತ್ತಿಕೊಂಡಳು.